ಪ್ರಾಸಪ್ರಿಯ ಭಾಷಣಕಾರರು

ಪ್ರಾಸವಿಲ್ಲದೆ ಬಾಯಿ ತೆರೆಯದ ಭಾಷಣಕಾರರು ತುಮಕೂರು ಜಿಲ್ಲೆಯ ಎಲ್ಲ ತಾಲ್ಲೂಕುಗಳಲ್ಲೂ ಇದ್ದಾರೆ. ವರ್ಷವಿಡೀ ಸಿಗುತ್ತಾರಾದರೂ ನವೆಂಬರ್ ತಿಂಗಳೇ ಇವರಿಗೆ ಸುಗ್ಗಿ. ಸಾಮಾನ್ಯವಾಗಿ ನಿವೃತ್ತ ಕನ್ನಡ ಮೇಷ್ಟ್ರು. ಅಪರೂಪಕ್ಕೊಮ್ಮೆ ಸಹಕಾರ ಸಂಘದ ಮಾಜಿ ನಿರ್ದೇಶಕರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೈಚೀಲದಲ್ಲಿ ಹಿಂದಿನ ಸಮಾರಂಭದ ಶಾಲು. ಆಹ್ವಾನ ಪತ್ರಿಕೆಯಲ್ಲಿ ಇವರ ಹೆಸರು ‘ಪ್ರಾಸ್ತಾವಿಕ ನುಡಿ’ಯ ಎದುರಿಗಿರುತ್ತದೆ. ಆ ನುಡಿ ಮುಗಿಯುವ ಹೊತ್ತಿಗೆ ಉದ್ಘಾಟಕರು ಮುಂದಿನ ಊರಿನ ಉದ್ಘಾಟನೆಗೆ ಹೊರಟಿರುತ್ತಾರೆ.

ಮಾತು ಜನರ ನೆನಪಿನಲ್ಲಿ ಉಳಿಯಬೇಕಾದರೆ ಅಲಂಕಾರ ಬೇಕು ಎಂಬುದು ಇವರ ನಂಬಿಕೆ. ನಂಬಿಕೆ ತಪ್ಪಲ್ಲ, ಹೊಸದೂ ಅಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದ ಮೂರು ಪರಿಚ್ಛೇದಗಳಲ್ಲಿ ಎರಡು ಶಬ್ದಾಲಂಕಾರ, ಅರ್ಥಾಲಂಕಾರಗಳಿಗೇ ಮೀಸಲು. ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ತೀ.ನಂ. ಶ್ರೀಕಂಠಯ್ಯನವರಂತೂ ಇದೇ ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. 2000ದಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಂದೇ ಅರ್ಥದ ಹೇಳಿಕೆಗಳ ಪೈಕಿ ಪ್ರಾಸವಿದ್ದದ್ದೇ ಹೆಚ್ಚು ನಿಜವೆಂದು ಓದಿದವರಿಗೆ ತೋರಿತು. ಈ ಸುದ್ದಿಯನ್ನು ಯಾರೂ ಇವರ ಕಿವಿಗೆ ಹಾಕದಿರುವುದು ಕ್ಷೇಮ.

ಮೊದಲ ಹತಾರ ಪ್ರಾಸವಾದರೆ ಎರಡನೆಯದು ಮೂರರ ಕಟ್ಟು. ಯಾವ ವಿಷಯವಾದರೂ ಮೂರು ಮಾತಿನಲ್ಲಿ ನಿಲ್ಲಬೇಕು. 1940ರ ಮೇ ತಿಂಗಳಲ್ಲಿ ಚರ್ಚಿಲ್ ಬ್ರಿಟಿಷ್ ಸಂಸತ್ತಿನಲ್ಲಿ ರಕ್ತ, ದುಡಿಮೆ, ಕಣ್ಣೀರು, ಬೆವರು ಎಂದು ನಾಲ್ಕನ್ನು ಹೇಳಿದರು. ಜನ ದುಡಿಮೆಯನ್ನು ಕೈಬಿಟ್ಟು ಮೂರನ್ನು ಇಟ್ಟುಕೊಂಡರು. ತುಮಕೂರಿನ ಭಾಷಣಕಾರರಿಗೆ ಈ ಪಾಠ ಮೊದಲಿನಿಂದಲೂ ಗೊತ್ತು. ಕುಣಿಗಲ್ಲಿಗೆ ಹೋದರೆ ‘ಕೆರೆ, ಕುದುರೆ, ಕಲೆ’. ದೊಡ್ಡ ಕೆರೆಯೂ ಕುದುರೆ ಫಾರಮ್ಮೂ ಅಲ್ಲಿ ಇರುವುದರಿಂದ ಯಾರೂ ತಕರಾರು ಮಾಡುವಂತಿಲ್ಲ. ಗುಬ್ಬಿಯಲ್ಲಿ ‘ಗಾನ, ಗದ್ದುಗೆ, ಗೆಜ್ಜೆ’. ತುಮಕೂರಿನಲ್ಲಿ ‘ತೆಂಗು, ತತ್ವ, ತ್ಯಾಗ’. ಮುಂದಿನ ಮುಕ್ಕಾಲು ಗಂಟೆ ಮೂರೂ ಊರಿಗೆ ಒಂದೇ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಇನ್ನೂ ಪಟ್ಟಿಗೆ ಸೇರಿಲ್ಲ. ಸೇರಿದ್ದರೆ ಅದರ ದೆಸೆಯಿಂದ ತತ್ವ, ತ್ಯಾಗಗಳೂ ನೆನಪಿನಲ್ಲಿ ಉಳಿಯುತ್ತಿದ್ದವು.

ಮೂರನೆಯದು ಪುನರುಕ್ತಿ. ಒಂದೇ ಪದವನ್ನು ಸಾಲುಸಾಲಿಗೂ ತಂದು ನಿಲ್ಲಿಸುವ ಈ ಕಲೆಯ ಶಕ್ತಿ ಎಷ್ಟೆಂಬುದಕ್ಕೆ ಗುಬ್ಬಿಯ ಕಲ್ಯಾಣ ಮಂಟಪವೊಂದರಲ್ಲಿ ನಡೆದ ರಾಜ್ಯೋತ್ಸವ ಸಾಕ್ಷಿ. ಗಂಟೆ ಒಂದೂಮುಕ್ಕಾಲು. ಊಟದ ಹಾಲ್ ಇದ್ದದ್ದು ಪಕ್ಕದಲ್ಲೇ. ಪಲಾವಿನ ಕೊಪ್ಪರಿಗೆಯ ಮುಚ್ಚಳ ಆಗಲೇ ತೆಗೆದಿದ್ದರು, ವಾಸನೆ ವೇದಿಕೆಯವರೆಗೂ ಬರುತ್ತಿತ್ತು. ಬಾಗಿಲ ಬಳಿ ಕುರ್ಚಿ ಹಿಡಿದಿದ್ದವರು ಜಾಣರು. ನಡುವಿನ ಸಾಲಿನಲ್ಲಿ ಕೂತವರಿಗೆ ಎದ್ದುಹೋಗುವ ದಾರಿಯಿರಲಿಲ್ಲ. ‘ಎರಡೇ ಮಾತಿನಲ್ಲಿ ಮುಗಿಸುತ್ತೇನೆ’ ಎಂಬ ವಾಕ್ಯ ಎರಡು ಸಲ ಬಂದುಹೋಗಿತ್ತು. ಕೊನೆಗೆ ನಿರೂಪಕರು ಸಣ್ಣ ಚೀಟಿಯೊಂದನ್ನು ಮೈಕಿನ ಬುಡದಲ್ಲಿ ಇಟ್ಟುಹೋದರು. ಅದರಲ್ಲಿ ಬರೆದಿದ್ದದ್ದು ‘ಸಮಯವಾಗಿದೆ’ ಎಂದಷ್ಟೇ.

ಮೇಷ್ಟ್ರು ಕನ್ನಡಕ ಮೇಲೆತ್ತಿ ಓದಿದರು. ಮುಖ ಅರಳಿತು. “ಬಂಧುಗಳೇ, ಸಮಯವಾಗಿದೆ! ಹೌದು, ಕನ್ನಡಿಗ ಕಣ್ತೆರೆಯುವ ಸಮಯವಾಗಿದೆ! ಮೈಕೊಡವಿ ನಿಲ್ಲುವ ಸಮಯವಾಗಿದೆ! ಮಲಗಿದವರನ್ನು ಎಬ್ಬಿಸುವ ಸಮಯವಾಗಿದೆ!” ಮುಂದಿನ ಸಾಲಿನ ಇಬ್ಬರು ಗಣ್ಯರು ಅಲ್ಲಿಗೆ ನಿಜವಾಗಿಯೇ ಎಚ್ಚರವಾದರು. ಇನ್ನೊಂದು ‘ಸಮಯ’ಕ್ಕೆ ಮೇಷ್ಟ್ರು ಉಸಿರು ಎಳೆದುಕೊಳ್ಳುವಷ್ಟರಲ್ಲಿ, ಊಟದ ಹಾಲಿನ ಬಾಗಿಲಿನಿಂದ ಸೌಟು ಹಿಡಿದ ಅಡುಗೆಯಾತನ ದನಿ ಬಂತು: “ಊಟದ್ ಸಮಯಾನೂ ಆಗೈತೆ, ಸಾ!” ಅಂಥ ಚಪ್ಪಾಳೆ ಆ ಮಂಟಪದಲ್ಲಿ ಅದಕ್ಕೆ ಮುಂಚೆ ಬಿದ್ದಿರಲಾರದು. ಸಭೆಗೆ ಹೋದವರಿಗೆ ಈಗ ನೆನಪಿರುವುದು ಆ ಒಂದು ವಾಕ್ಯ. ಶಾಸ್ತ್ರದ ಕಣ್ಣಿನಲ್ಲೂ ಅದು ನಿರ್ದೋಷಿ: ನಡೆಯುತ್ತಿದ್ದ ಲಯವನ್ನೇ ಹಿಡಿದಿತ್ತು, ಚಿಕ್ಕದಾಗಿತ್ತು, ಹೇಳಬೇಕಾದ ಹೊತ್ತಿಗೇ ಬಂತು. ಮೇಷ್ಟ್ರೂ ನಕ್ಕರು. ಮುಂದಿನ ವಾರ ಕುಣಿಗಲ್ಲಿನಲ್ಲಿ ಅದನ್ನೇ ತಮ್ಮ ಭಾಷಣದ ಕೊನೆಗೆ ಸೇರಿಸಿಕೊಂಡರು, ಊಟದ ಹೊತ್ತು ಮೀರಿ ಮುಕ್ಕಾಲು ಗಂಟೆಯಾದ ಮೇಲೆ.

ಇವರ ಕಂಠಕ್ಕೆ ಮೂಲ ಗುಬ್ಬಿ ಕಂಪನಿ ಎಂದು ಹೇಳಿದರೆ ಹೆಚ್ಚೇನೂ ತಪ್ಪಾಗದು. 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಹೆಸರಾದ ಆ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ‘ಕುರುಕ್ಷೇತ್ರ’ಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನೇ ತಂದಿತ್ತು. ಮೈಕಿಲ್ಲದ ಕಾಲದಲ್ಲಿ ಕಟ್ಟಕಡೆಯ ಸಾಲಿಗೂ ಮಾತು ತಲುಪಿಸಲು ನಟರಿಗೆ ಪ್ರಾಸ, ಎಳೆತ, ಏರಿಳಿತಗಳು ಬೇಕಿದ್ದವು. ಈಗ ಮೈಕಿದೆ. ಏರಿಳಿತ ಹಾಗೇ ಉಳಿದಿದೆ. ಆನೆಯಿಲ್ಲ.

ಅಲಂಕಾರದ ಮಾತು ನಿಜವಾಗಿ ನಿಂತ ಉದಾಹರಣೆಗೆ ಈ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಅನ್ನ, ಅಕ್ಷರ, ಆಶ್ರಯ ಎಂಬ ಸಿದ್ಧಗಂಗೆಯ ತ್ರಿವಿಧ ದಾಸೋಹದಲ್ಲಿ ಆದಿಯಕ್ಷರವೂ ಒಂದುಗೂಡಿದೆ, ಮೂರರ ಕಟ್ಟೂ ಇದೆ. ಅದನ್ನು ಜನರ ಮನಸ್ಸಿನಲ್ಲಿ ನಿಲ್ಲಿಸಿದ್ದು ಬರೀ ‘ಅ’ಕಾರವಲ್ಲ, ಶಿವಕುಮಾರ ಸ್ವಾಮೀಜಿಯವರು (1907–2019) ನಡೆಸಿಕೊಂಡು ಬಂದ ಮಠದಲ್ಲಿ ದಿನವೂ ಉಂಡು, ಓದಿ, ಮಲಗಿದ ಮಕ್ಕಳು. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯ 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಮಾಡಿದ ಭಾಷಣದ ಹೆಸರು ‘ಕನ್ನಡ ಮಾತು ತಲೆಯೆತ್ತುವ ಬಗೆ’. ಪ್ರಾಸವಿಲ್ಲ, ತಲೆಯೆತ್ತುವ ರೂಪಕ ಒಂದೇ. ನೂರು ವರ್ಷ ಕಳೆದರೂ ಕನ್ನಡ ಓದಿದವರಿಗೆ ಅದು ಗೊತ್ತು. ಪ್ರಾಸಪ್ರಿಯರು ಈ ಎರಡನ್ನೂ ಪ್ರತಿ ಭಾಷಣದಲ್ಲೂ ಸ್ಮರಿಸುತ್ತಾರೆ, ಅನುಸರಿಸುವುದಿಲ್ಲ.

ಆದರೆ ಇವರನ್ನು ವೇದಿಕೆಯ ಮೇಲೆ ಮಾತ್ರ ಕಂಡವರು ಅರ್ಧವನ್ನಷ್ಟೇ ಕಂಡಂತೆ. ಗುಬ್ಬಿ, ನಿಟ್ಟೂರು, ತಿಪಟೂರು ಎಂದು ಕೂಗುತ್ತಾ ಬಸ್ಸು ತುಂಬಿಸುವ ಕಂಡಕ್ಟರ್, ಟಿಕೆಟ್ ಕೊಡುವಾಗ ಮೇಷ್ಟ್ರ ಮುಖ ನೋಡಿ, “ಯಮಾತಾರಾಜಭಾನಸಲಗಂ, ಅಲ್ವಾ ಸಾ?” ಎನ್ನುತ್ತಾನೆ. ಹೈಸ್ಕೂಲು ಬಿಟ್ಟು ಎಷ್ಟೋ ಕಾಲವಾದರೂ ಗಣದ ಸೂತ್ರ ಅವನ ಬಾಯಲ್ಲಿದೆ. ತಾಳ ತಟ್ಟಿ ಅದನ್ನು ಕೂರಿಸಿದ್ದು ಈ ಮೇಷ್ಟ್ರೇ. ತರಗತಿಯಲ್ಲಿ ಚೀಟಿ ಕಳಿಸುವವರು ಬೇಕಿರಲಿಲ್ಲ. ನಲವತ್ತೈದು ನಿಮಿಷಕ್ಕೆ ಗಂಟೆ ಹೊಡೆಯುತ್ತಿತ್ತು, ಮೇಷ್ಟ್ರು ಸೀಮೆಸುಣ್ಣ ಕೆಳಗಿಡುತ್ತಿದ್ದರು. ನಿವೃತ್ತಿಯಾದ ಮೇಲೆ ಆ ಗಂಟೆ ಮಾತ್ರ ಇವರ ಜೊತೆ ಬರಲಿಲ್ಲ.

ಇವರು ಸಂಭಾವನೆ ಕೇಳುವುದಿಲ್ಲ. ತಮ್ಮ ಖರ್ಚಿನಲ್ಲೇ ಬಸ್ಸಿನಲ್ಲಿ ಬಂದು, ಶಾಲು ಹೊದಿಸಿಕೊಂಡು ಹೋಗುತ್ತಾರೆ. ನವೆಂಬರಿನ ಭಾನುವಾರಗಳು ಬೇಗ ತುಂಬಿಹೋಗುವುದರಿಂದ ಸಂಘಟಕರು ಅಕ್ಟೋಬರಿನಲ್ಲೇ ಹೇಳಿಡಬೇಕು. ಊಟವನ್ನು ಭಾಷಣಕ್ಕೆ ಮುಂಚೆಯೇ ಇಟ್ಟುಕೊಳ್ಳಬೇಕು.