ಒಂದು ಬೆಡ್‌ರೂಮು, ವಾರಕ್ಕೆ ಐದೇ ದಿನ

(ಚಿಕ್ಕಮಗಳೂರಿನ ಬಸವನಹಳ್ಳಿ. ಹಳೇ ಹೆಂಚಿನ ಮನೆಗೆ ಹೊಸ ‘ಹೋಂಸ್ಟೇ’ ಬೋರ್ಡು.)

ಮೇಷ್ಟ್ರು: ಬಾಡಿಗೆ ಎಷ್ಟು ಸಾರ್?

ಮಾಲೀಕ: ತಿಂಗಳಿಗೋ, ವೀಕೆಂಡಿಗೋ?

ಮೇಷ್ಟ್ರು: ಮೂಡಿಗೆರೆಯಿಂದ ವರ್ಗವಾಗಿದೆ. ವರ್ಷಪೂರ್ತಿ ಇರ್ತೀನಿ.

ಮಾಲೀಕ: ಶನಿವಾರ, ಭಾನುವಾರ ಖಾಲಿ ಮಾಡ್ಕೊಡಿ. ಮುಳ್ಳಯ್ಯನಗಿರಿಗೆ ಬೆಂಗಳೂರಿನವರು ಬರ್ತಾರೆ.

ಮೇಷ್ಟ್ರು: ನಾನೆಲ್ಲಿಗೆ ಹೋಗ್ಲಿ?

ಮಾಲೀಕ: ನೀವೂ ಬೆಟ್ಟ ಹತ್ತಿ. 1,930 ಮೀಟರ್, ಗಾಳಿ ಧಾರಾಳ.

ಮೇಷ್ಟ್ರು: ಗೋಡೆಯೆಲ್ಲ ಬೂಷ್ಟು ಹಿಡಿದಿದೆಯಲ್ಲ?

ಮಾಲೀಕ: ಅದು ಹೆರಿಟೇಜ್. ಹೆಂಚು ಸೋರಿದ್ರೆ ಮಾನ್ಸೂನ್ ಪ್ಯಾಕೇಜ್.

ಮೇಷ್ಟ್ರು: ಅಡ್ವಾನ್ಸು?

ಮಾಲೀಕ: ಹತ್ತು ತಿಂಗಳದ್ದು.

ಮೇಷ್ಟ್ರು: 2021ರ ಮಾದರಿ ಬಾಡಿಗೆ ಕಾಯ್ದೆ ಎರಡೇ ತಿಂಗಳು ಅನ್ನುತ್ತೆ.

ಮಾಲೀಕ: ಅದು ಮಾದರಿ ಸಾರ್, ಇದು ಮನೆ.

ಮೇಷ್ಟ್ರು: ಬಾಬಾಬುಡನ್ ಏಳೇ ಕಾಫಿ ಬೀಜ ತಂದು ಊರಿಗೆಲ್ಲ ಅನ್ನ ಕೊಟ್ರಂತೆ!

ಮಾಲೀಕ: ಕೊಡದೇ ಏನು? ಅವರಿಗೆ ಗುಹೆ ಫ್ರೀಯಾಗಿ ಸಿಕ್ಕಿತ್ತು.