ನಿಮ್ಮ ಅಂಗಡಿಗೆ ಎಷ್ಟು ಬೆಲೆ ಸ್ವಾಮಿ?

ನಿಜ ಹೇಳಿ, ನಿಮ್ಮ ಅಂಗಡಿ ಎಷ್ಟು ಬಾಳುತ್ತೆ? ಕೇಳ್ತಿರೋದು ಯಾರು ಅಂತ ಮೊದಲು ನೋಡ್ಕೋತಿದೀರಿ ತಾನೆ? ಬ್ಯಾಂಕಿನೋರು ಕೇಳಿದ್ರೆ ಎರಡು ಕೋಟಿ. ಇನ್‌ಕಮ್ ಟ್ಯಾಕ್ಸಿನೋರು ಕೇಳಿದ್ರೆ "ಏನಿದೆ ಸಾರ್, ಹೊಟ್ಟೆಪಾಡು". ಪಾಲು ಕೇಳೋಕೆ ತಮ್ಮ ಬಂದು ಕೂತ್ರಂತೂ ಅಂಗಡಿ ಇವತ್ತೋ ನಾಳೆಯೋ ಬಾಗಿಲು ಹಾಕೋ ಸ್ಥಿತೀಲಿರುತ್ತೆ. (ಬೀಗರು ಬಂದಾಗಿನ ರೇಟು ಇಲ್ಲಿ ಬೇಡ ಬಿಡಿ.)

ನಿಮ್ಮಂಥೋರ ಲೆಕ್ಕ ನೋಡಿ, ಬಿಸಿನೆಸ್ಸಿಗೆ ಬೆಲೆ ಕಟ್ಟಿ ನನ್ನ ತಲೆ ಬೆಳ್ಳಗಾಯ್ತು. ಕೆಂಪು ಬಟ್ಟೆ ಹೊದಿಸಿದ ಕಿರ್ದಿ ಪುಸ್ತಕ ಹೋಗಿ ನಮ್ಮ ಬೆಂಗಳೂರಿನದೇ ಟ್ಯಾಲಿ ಬಂತು, 2017ರಲ್ಲಿ ಜಿಎಸ್‌ಟಿ ಬಂತು. ಪರೀಕ್ಷೆ ಪಾಸಾಗಿ ರಿಜಿಸ್ಟರ್ಡ್ ವ್ಯಾಲ್ಯೂಯರ್ ಅನ್ನಿಸ್ಕೊಳ್ಳೋ ರೂಲ್ಸೂ ಅದೇ ವರ್ಷದ್ದು. ನೀವು ಮಾತ್ರ ಅದೇ ನೀವು!

ಈಗ ಅಂಗಡಿ ಮಾರ್ತೀರಿ ಅಂತಿಟ್ಕೊಳ್ಳಿ. "ತಾತನ ಕಾಲದ ಹೆಸರು, ಗುಡ್‌ವಿಲ್ಲೇ ಐವತ್ತು ಲಕ್ಷ" ಅಂತೀರಿ. ಆಗಲಿ. ಹಿಂದಿನ ಮೂರೋ ಐದೋ ವರ್ಷದ ಲಾಭದ ಸರಾಸರಿ ತೆಗೆದು ಅದನ್ನ ಇಷ್ಟು ಪಟ್ಟು ಅಂತ ಏರಿಸೋದು ಗುಡ್‌ವಿಲ್ಲಿನ ಹಳೇ ಲೆಕ್ಕ. ತನ್ನಿ ಆ ಲಾಭ. ಅಯ್ಯೋ, ರಿಟರ್ನ್‌ನಲ್ಲಿ ಲಾಭವನ್ನೇ ತೋರಿಸಿಲ್ವಲ್ಲ! ಸೊನ್ನೇನ ಎಷ್ಟರಿಂದ ಗುಣಿಸ್ಲಿ ಹೇಳಿ?

"ಅದು ಹಾಗಲ್ಲ ಸಾರ್" ಅಂತ ಆಗ ಕುರ್ಚಿ ಹತ್ತಿರ ಎಳ್ಕೋತೀರಿ. ದನಿ ಇಳಿಯುತ್ತೆ. ಬಿಸಿನೆಸ್ ಪ್ರಮೋಷನ್ ಅಂತ ಬರೆದದ್ದು ಗೋವಾ ಟ್ರಿಪ್ಪಂತೆ, ರಿಪೇರಿ ಖರ್ಚು ಮನೆಯ ಮಾಡ್ಯುಲರ್ ಕಿಚನ್ನಂತೆ. (ಆಡಿಟ್ ಹೊತ್ತಲ್ಲಿ ನಾನು ಕೆದಕಿ ಕೆದಕಿ ಕೇಳಿದ್ರೂ ಬಿಡದ ಗುಟ್ಟು!) ಇವೆಲ್ಲ ವಾಪಸ್ ಸೇರಿಸಿದ್ರೆ ಲಾಭವೇನೋ ಮೈ ತುಂಬಿಕೊಳ್ಳುತ್ತೆ, ನಿಜ. ಆದ್ರೆ ಅದನ್ನ ರಿಪೋರ್ಟಲ್ಲಿ ಬರೆದು ಕೆಳಗೆ ಸಹಿ ಹಾಕ್ಬೇಕಾದೋನು ನಾನು ಕಣ್ರೀ.

ಇನ್ನೊಂದು ಮಾತು, ಬೇಜಾರಾಗ್ಬೇಡಿ. ಬೆಳಗ್ಗೆಯಿಂದ ರಾತ್ರಿ ತನಕ ಗಲ್ಲಾಪೆಟ್ಟಿಗೆ ಮುಂದೆ ಕೂರೋ ನಿಮಗೆ ಸಂಬಳ ಎಷ್ಟು? ಬಿಲ್ಲು ಬರೆಯೋ ನಿಮ್ಮ ಮನೆಯವರಿಗೆ? ಸ್ವಂತ ಕಟ್ಟಡದ ಬಾಡಿಗೆ? ಕೊಂಡೋನು ಇವನ್ನೆಲ್ಲ ಕೈಯಿಂದ ಕೊಡ್ಬೇಕಲ್ವಾ? ಅದಿಷ್ಟೂ ಕಳೆದು ನೋಡಿದ್ರೆ, ಎಷ್ಟೋ ಅಂಗಡೀಲಿ ಲಾಭ ಅನ್ನೋದು ಯಜಮಾನರ ಕೂಲಿ ಅಷ್ಟೇ.

ಇನ್ನು ನಿಮ್ಮ ಅಟ್ಟ ಹತ್ತೋಣ. ಕೊಂಡ ಬೆಲೆ, ಇವತ್ತು ಮಾರಿದ್ರೆ ಕೈಗೆ ಬರೋ ಬೆಲೆ, ಎರಡರಲ್ಲಿ ಯಾವುದು ಕಮ್ಮಿಯೋ ಅದನ್ನ ಸ್ಟಾಕಿಗೆ ಹಾಕ್ಬೇಕು. ಫ್ಯಾಷನ್ ಹೋಗಿ, ಮಡಿಕೆಯಲ್ಲೇ ಸೀಳಿ ಕೂತಿರೋ ಸೀರೆ ತೋರಿಸಿ "ಪೂರ್ತಿ ರೇಟಿಗೇ ಬರ್ಕೊಳ್ಳಿ" ಅಂತೀರಲ್ಲ, ನಿಮ್ಮ ಮನೆಯವರು ಉಡ್ತಾರಾ ಅದನ್ನ?

ಟ್ಯಾಕ್ಸಿನೋರ ಮುಂದೆ ನೀವು ಧಾರಾಳವಾಗಿ ಬೆಲೆ ಏರಿಸೋ ಒಂದು ಸಂದರ್ಭ ಇದೆ, ನೆನಪಾಯ್ತಾ? ಅಪ್ಪ 2001ಕ್ಕೂ ಮೊದಲು ಯಾವಾಗಲೋ ಕೊಂಡಿದ್ದ ಸೈಟು ಮಾರ್ದಾಗ. ಅಂಥ ಸೈಟಿಗೆ 2001ರ ಏಪ್ರಿಲ್ 1ರ ಬೆಲೆಯನ್ನೇ ಕೊಂಡ ಬೆಲೆ ಅಂತ ಹಿಡೀಬಹುದು; ಅದು ಎಷ್ಟು ಜಾಸ್ತಿಯೋ ಟ್ಯಾಕ್ಸು ಅಷ್ಟು ಕಮ್ಮಿ. ಖಾಲಿ ಸೈಟಿಗೆ ಆಗ ಅರಮನೆ ರೇಟು! ಸರ್ಕಾರಕ್ಕೂ ನಿಮ್ಮ ಪರಿಚಯ ಚೆನ್ನಾಗಾಗಿ, ಆ ದಿನದ ಗೈಡೆನ್ಸ್ ವ್ಯಾಲ್ಯೂ ದಾಟೋ ಹಾಗಿಲ್ಲ ಅಂತ 2020ರ ಬಜೆಟ್ಟಲ್ಲಿ ಬೇಲಿ ಹಾಕ್ತು.

ಕೊನೆಗೆ ನನ್ನ ಫೀಸು. ಕೋಟಿಗಟ್ಟಲೆ ಬೆಲೆ ಹೇಳ್ತಿದ್ದ ಬಾಯಲ್ಲೇ "ನಾಲ್ಕು ಹಾಳೆಗೆ ಇಷ್ಟಾ ಸಾರ್?" ಅಂತೀರಿ. ಅರ್ಧಕ್ಕಿಳಿಸಿ, ಅದನ್ನೂ "ಮುಂದಿನ ತಿಂಗಳು ನೋಡೋಣ" ಅಂತ ಎದ್ದು ಹೋಗ್ತೀರಿ. ಹೋಗ್ಲಿ ಬಿಡಿ, ನನ್ನ ಪುಸ್ತಕದಲ್ಲೂ ಒಂದು ಸಾಲು ಬರೀಬೇಕಲ್ಲ. ಬರಬೇಕಾದ ಬಾಕಿ ಅಂತ ಬರೀಲೋ, ಬ್ಯಾಡ್ ಡೆಟ್ ಅಂತ ಬರೀಲೋ, ನೀವೇ ಹೇಳ್ಬಿಡಿ.