ಕೇಬಲ್ಲಿಗೆ ಕತ್ತರಿ

ಕೇಬಲ್ಲಿನ ಹುಡುಗ ಪುಣ್ಯಾತ್ಮ. ತಿಂಗಳ ಮೊದಲ ವಾರ ತಪ್ಪದೆ ಬಾಗಿಲು ತಟ್ಟುತ್ತಿದ್ದ. ಧಾರಾವಾಹಿಯ ನಡುವೆ ಚಿತ್ರ ಹೋದ ದಿನ ಮಾತ್ರ ಫೋನ್ ಎತ್ತುತ್ತಿರಲಿಲ್ಲ. 2019ರಲ್ಲಿ ನಿಯಂತ್ರಣ ಸಂಸ್ಥೆ ಟ್ರಾಯ್ ಹೊಸ ದರಪದ್ಧತಿ ತಂದು, ನೂರು ಚಾನೆಲ್ಲಿಗೆ 130 ರೂಪಾಯಿ, ಮೇಲೆ ತೆರಿಗೆ, ಪೇ ಚಾನೆಲ್ಲಿಗೆ ಬೇರೆ ದುಡ್ಡು ಎಂದಾಗ ಮನೆ ಯಜಮಾನರೆಲ್ಲ ಕಾಗದ-ಪೆನ್ನು ಹಿಡಿದು ಕೂತಿದ್ದರು. ನಾವು ಕೂಡಿಸಿ ಕಳೆದು, ಕೊನೆಗೆ ಕೇಬಲ್ಲನ್ನೇ ಕಳೆದೆವು.

ಈಗ ಟಿವಿಯ ಬೆನ್ನಿಗೆ ಬೆರಳುದ್ದದ ಸ್ಟಿಕ್. ಉಳಿತಾಯವೇನೋ ಆಯಿತು ಅನ್ನಿ. ಅದನ್ನು ಕ್ರಿಕೆಟ್ಟಿಗೊಂದು, ಸಿನಿಮಾಕ್ಕೊಂದು, ಧಾರಾವಾಹಿಗೊಂದು ಎಂದು ಆ್ಯಪ್‌ಗಳೇ ಹಂಚಿಕೊಂಡವು. ಪಾಸ್‌ವರ್ಡ್ ಮರೆತರೆ ಓಟಿಪಿ ಹೋಗುವುದು ಮೈಸೂರಿನ ಭಾವನ ಮೊಬೈಲಿಗೆ. ಭಾವ ಮಧ್ಯಾಹ್ನದ ನಿದ್ದೆಯಲ್ಲಿರುತ್ತಾರೆ. ಅಮ್ಮ ರಿಮೋಟಿಗೆ "ಸ್ವಲ್ಪ ಚಂದನ ಹಾಕಪ್ಪಾ" ಎಂದು ಮರ್ಯಾದೆಯಿಂದ ಕೇಳಿದರೆ, ಅದು ಮುಖಕ್ಕೆ ಚಂದನ ಹಚ್ಚುವ ವಿಡಿಯೊ ತೋರಿಸುತ್ತದೆ.

ಪಕ್ಕದ ಮನೆಯ ರಾಯರಿಗೆ ಈ ತಾಪತ್ರಯವಿಲ್ಲ. ತಾರಸಿಯಲ್ಲಿ ಡಿಡಿ ಫ್ರೀ ಡಿಶ್ ತಟ್ಟೆ, ತಿಂಗಳ ಚಂದಾ ಸೊನ್ನೆ. 1987ರ ರಾಮಾಯಣದ ಭಾನುವಾರಗಳಲ್ಲಿ ಆಂಟೆನಾ ತಿರುಗಿಸಿದ ಕೈ ಅದು. "ಬಂತಾ?" "ಇಲ್ಲಾರೀ, ಬರೀ ಚುಕ್ಕೆ!" "ಈಗ?" "ಹೋಯ್ತು!" ಆ ಸಂಭಾಷಣೆ ಗಾಳಿಮಳೆಯ ಮರುದಿನ ಇವತ್ತಿಗೂ ಕೇಳುತ್ತದೆ. ಆದರೆ ಅವರ ತಟ್ಟೆಗೆ ಬಫರಿಂಗ್ ಗೊತ್ತಿಲ್ಲ. ನಮ್ಮಲ್ಲಿ ಚಂದನ ವಾಹಿನಿಯ ಕ್ವಿಜ್ 'ಥಟ್ ಅಂತ ಹೇಳಿ' ಚಕ್ರ ಸುತ್ತುತ್ತಿರುವಾಗಲೇ ಉತ್ತರ ಗೋಡೆಯಾಚೆಯಿಂದ ಬಂದಿರುತ್ತದೆ. ಅಮ್ಮ ಅದನ್ನೇ ಥಟ್ಟನೆ ಹೇಳಿ, ತನಗೂ ಒಂದು ಪುಸ್ತಕ ಬಹುಮಾನ ಬರಬೇಕೆಂದು ವಾದಿಸುತ್ತಾಳೆ.